ರಾಂಜಣಗಾಂವದ ಎಂಜಿನ್‌ಗಳು: ಪೆಟ್ರೋಲ್, ಡೀಸೆಲ್ ಮತ್ತು ಹೊಗೆಯ ವಿಷ

ಪುಣೆ ಜಿಲ್ಲೆಯ ಶಿರೂರು ತಾಲ್ಲೂಕಿನ ರಾಂಜಣಗಾಂವ ಅಷ್ಟವಿನಾಯಕ ಕ್ಷೇತ್ರಗಳಲ್ಲೊಂದು, ಮಹಾಗಣಪತಿಯ ಊರು. ಮೋಟಾರು ಚರಿತ್ರೆಯಲ್ಲಿ ಇದಕ್ಕೆ ಹೆಸರು ತಂದದ್ದು ಇಲ್ಲಿನ ಕೈಗಾರಿಕಾ ಪ್ರದೇಶದ ಫಿಯೆಟ್ ಕಾರ್ಖಾನೆ. 2007ರಲ್ಲಿ ಟಾಟಾ ಮೋಟಾರ್ಸ್ ಅದರ ಪಾಲುದಾರನಾಯಿತು. 1248 ಸಿಸಿಯ ಮಲ್ಟಿಜೆಟ್ ಡೀಸೆಲ್ ಎಂಜಿನ್ ಇಲ್ಲಿ ತಯಾರಾಗಿ ಪುಂಟೊ, ಲಿನಿಯಾ, ಇಂಡಿಕಾ ವಿಸ್ಟಾಗಳಿಗೆ ಹೋಯಿತು. 2012ರ ಒಪ್ಪಂದದ ಮೇಲೆ ಮಾರುತಿಗೂ. ಕಾರುಪ್ರಿಯರು ಇದನ್ನು ‘ರಾಷ್ಟ್ರೀಯ ಎಂಜಿನ್’ ಎಂದು ಕರೆದದ್ದು ಅರ್ಧ ತಮಾಷೆಗೆ, ಅರ್ಧ ಅಭಿಮಾನಕ್ಕೆ.

ಪೆಟ್ರೋಲ್, ಡೀಸೆಲ್ ಎರಡೂ ಕಚ್ಚಾತೈಲದಿಂದಲೇ ಬಂದವು. ಪೆಟ್ರೋಲಿನ ಅಣುವಿನಲ್ಲಿ ಸುಮಾರು 4ರಿಂದ 12 ಇಂಗಾಲದ ಪರಮಾಣುಗಳು; ಡೀಸೆಲ್‌ನಲ್ಲಿ 10ರಿಂದ 20, ಕೆಲವೊಮ್ಮೆ ಇನ್ನೂ ಹೆಚ್ಚು. ಉದ್ದನೆಯ ನೇರ ಸರಪಳಿಯ ಅಣು ಒತ್ತಿ ಬಿಸಿಯಾದ ಗಾಳಿಯಲ್ಲಿ ತಾನಾಗಿ ಹೊತ್ತಿಕೊಳ್ಳುತ್ತದೆ. ಡೀಸೆಲ್‌ಗೆ ಬೇಕಾದದ್ದು ಈ ಗುಣ, ಪೆಟ್ರೋಲಿಗೆ ಬೇಡವಾದದ್ದೂ ಇದೇ: ಕಿಡಿಯ ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಹೊತ್ತಿದರೆ ಎಂಜಿನ್ ಬಡಿದುಕೊಳ್ಳುತ್ತದೆ. ಎರಡರ ಓಟವೂ ವಿಷವೂ ಕವಲೊಡೆಯುವುದು ಈ ಒಂದು ಗುಣದಲ್ಲಿ.

ಬಡಿತ ತಡೆಯಲು ಅಮೆರಿಕದ ಎಂಜಿನಿಯರ್ ಥಾಮಸ್ ಮಿಜ್ಲಿ 1921ರಲ್ಲಿ ಕಂಡುಕೊಂಡ ಉಪಾಯ ಟೆಟ್ರಾಈಥೈಲ್ ಸೀಸ. ಅಗ್ಗದ ಉಪಾಯವೇನೋ ಹೌದು. ಬೆಲೆ ತೆತ್ತದ್ದು ಮಕ್ಕಳ ಮಿದುಳು. ಹೊಗೆ ಶುದ್ಧಗೊಳಿಸುವ ವೇಗವರ್ಧಕವನ್ನೂ ಸೀಸ ಕೆಡಿಸುತ್ತಿತ್ತು. ಭಾರತದಲ್ಲಿ ಅದು ಪೂರ್ತಿ ನಿಂತದ್ದು 2000ದ ಫೆಬ್ರವರಿ 1ರಿಂದ. ಆಕ್ಟೇನ್, ಅಂದರೆ ಬಡಿತ ತಾಳುವ ಗುಣ, ಏರಿಸಲು ಉಂಗುರದ ಅಣುಗಳೂ ನೆರವಾಗುತ್ತವೆ. ಆದರೆ ಅವುಗಳಲ್ಲಿ ಬೆಂಜೀನ್ ಇದೆ. ಅದು ಮೂಳೆಮಜ್ಜೆಗೆ ವಿಷ, ರಕ್ತದ ಕ್ಯಾನ್ಸರಿಗೆ ಕಾರಣ. ಅದಕ್ಕೊಂದು ಮೀಥೈಲ್ ಗುಂಪು ಅಂಟಿದರೆ ಟಾಲ್ವೀನ್: ದೇಹ ಆ ಬಾಲವನ್ನೇ ಹಿಡಿದು ಆಮ್ಲವಾಗಿಸಿ ಬಹುಪಾಲನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಬೆಂಜೀನಿಗೆ ಹಿಡಿಯಲು ಬಾಲವಿಲ್ಲ. ಉಂಗುರವನ್ನೇ ಉತ್ಕರ್ಷಿಸಬೇಕು, ಅಪಾಯ ಹುಟ್ಟುವುದು ಅಲ್ಲಿ. ಬಿಎಸ್-4 (ಭಾರತ್ ಸ್ಟೇಜ್ 4 ಎಂಬ ಮಾಲಿನ್ಯ ಮಾನದಂಡ) ಪೆಟ್ರೋಲಿನಲ್ಲಿ ಅದರ ಮಿತಿ ಶೇ. 1 ಇತ್ತು.

ಡೀಸೆಲ್‌ನ ತೊಂದರೆ ಬೇರೆ. ಸಿಲಿಂಡರಿನೊಳಗೆ ಸಿಂಪಡಿಸಿದ ಎಣ್ಣೆ ದಟ್ಟವಾಗಿರುವ ಕಡೆ ಗಾಳಿ ಸಾಲದೆ ಮಸಿ. ಗಾಳಿ ಸಾಕಷ್ಟಿರುವ ಬಿಸಿ ಅಂಚಿನಲ್ಲಿ ನೈಟ್ರೋಜನ್ ಆಕ್ಸೈಡ್. ಪೆಟ್ರೋಲ್ ಕಾರಿನ ತ್ರಿಮುಖ ವೇಗವರ್ಧಕ ಇಲ್ಲಿ ಸೋಲುತ್ತದೆ, ಏಕೆಂದರೆ ಹೊಗೆಯಲ್ಲಿ ಆಮ್ಲಜನಕ ಉಳಿದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರಿಗೆ ಖಚಿತ ಕಾರಣಗಳ ಗುಂಪಿಗೆ ಸೇರಿಸಿತು. ಪೆಟ್ರೋಲ್ ಹೊಗೆ ‘ಕಾರಣವಾಗಿರಬಹುದು’ ಎಂಬ ಗುಂಪಿನಲ್ಲೇ ಉಳಿಯಿತು.

ಓಟದ ಲೆಕ್ಕಕ್ಕೆ ರಾಂಜಣಗಾಂವದಲ್ಲೇ 2017ರಿಂದ ತಯಾರಾದ ಜೀಪ್ ಕಂಪಾಸ್ ಸಾಕು. 1.4 ಲೀಟರ್ ಟರ್ಬೊ ಪೆಟ್ರೋಲಿಗೆ 250 ನ್ಯೂಟನ್ ಮೀಟರ್ ತಿರುಚುಬಲ, 2 ಲೀಟರ್ ಡೀಸೆಲ್‌ಗೆ 350. ಎಂಜಿನ್ ಗಾತ್ರ ಬೇರೆಯಾದ್ದರಿಂದ ಇದು ಸಮಬಲದ ಪಂದ್ಯವಲ್ಲ, ನಿಜ. ಆದರೂ ತುಂಬಿದ ಗಾಡಿ ಘಾಟಿ ಏರುವಾಗ ಡೀಸೆಲ್‌ನ ‘ಪಿಕಪ್’ ಚಾಲಕನಿಗೆ ಗೊತ್ತಾಗುತ್ತದೆ. ಎಂಜಿನನ್ನು ಏರು ಸುತ್ತಿನಲ್ಲಿ ಕುಣಿಸುವವರ ಒಲವು ಪೆಟ್ರೋಲಿಗೆ: 2015ರ ಅಬಾರ್ತ್ ಪುಂಟೊ 145 ಅಶ್ವಶಕ್ತಿಯದು, ಅದರ ಡೀಸೆಲ್ ಒಡಹುಟ್ಟು ನೂರನ್ನೂ ಮುಟ್ಟಲಿಲ್ಲ.

2020ರ ಏಪ್ರಿಲ್ 1ರಂದು ಬಿಎಸ್-6 ಬಂತು. ಡೀಸೆಲ್‌ನ ಗಂಧಕ ದಶಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. ಪೆಟ್ರೋಲಿಗೆ ಸೀಸ ಹೇಗೋ ಡೀಸೆಲ್‌ಗೆ ಗಂಧಕ ಹಾಗೆ: ಅದು ಹೋಗದೆ ಶುದ್ಧೀಕರಣದ ಸಲಕರಣೆ ಬಾಳುವುದಿಲ್ಲ. ಡೀಸೆಲ್ ಕಾರಿನ ಮಸಿಕಣದ ಮಿತಿ ಕಿಲೋಮೀಟರಿಗೆ 25 ಮಿಲಿಗ್ರಾಮಿನಿಂದ 4.5ಕ್ಕೆ, ನೈಟ್ರೋಜನ್ ಆಕ್ಸೈಡಿನದು 250ರಿಂದ 80ಕ್ಕೆ ಕುಸಿಯಿತು. ಸಣ್ಣ ಕಾರಿನ ಬೆಲೆ ಆ ಸಲಕರಣೆಯ ಖರ್ಚನ್ನು ಹೊರಲಾರದಾಯಿತು. ರಾಷ್ಟ್ರೀಯ ಎಂಜಿನ್ ಮಾರುಕಟ್ಟೆಯಿಂದ ಸರಿಯಿತು. ಬೆಲೆ ಹೆಚ್ಚಿನ ಕಂಪಾಸ್‌ನಲ್ಲಿ ಮಾತ್ರ ಆಟ ತಿರುಗಿತು: 2023ರಲ್ಲಿ ಭಾರತದಲ್ಲಿ ನಿಂತದ್ದು ಅದರ ಪೆಟ್ರೋಲ್ ಮಾದರಿ, ಉಳಿದದ್ದು ಡೀಸೆಲ್.