ಹೊನ್ನಾವರದ ಸುಲ್ತಾನನ ಊಟ

ಇಂದು ಹೊನ್ನಾವರಕ್ಕೆ ಬರುವ ಪ್ರವಾಸಿಗರು ಶರಾವತಿಯ ಅಳಿವೆಯನ್ನೂ ಕಡಲ ನಡುವಿನ ಬಸವರಾಜದುರ್ಗವನ್ನೂ ನೋಡಿ, ಮೀನೂಟ ಮುಗಿಸಿ, ಜೋಗಕ್ಕೋ ಮುರ್ಡೇಶ್ವರಕ್ಕೋ ತೆರಳುತ್ತಾರೆ. ಹದಿನಾಲ್ಕನೆಯ ಶತಮಾನದಲ್ಲಿ ಈ ಊರು ಸುಲ್ತಾನ ಜಮಾಲುದ್ದೀನನೆಂಬ ಅರಸನ ರಾಜಧಾನಿಯಾಗಿತ್ತು. ಅಂದಿನ ಊರಿನ ಚಿತ್ರ ನಮಗೆ ದೊರೆಯುವುದು ಮೊರಾಕ್ಕೊ ದೇಶದ ಯಾತ್ರಿಕ ಇಬ್ನ್ ಬತೂತನ ಪ್ರವಾಸ ಕಥನದಲ್ಲಿ.

ದೆಹಲಿಯ ಮಹಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಕ್ಕೆ ಹೊರಟ ಬತೂತ 1342ರಲ್ಲಿ ದೆಹಲಿ ಬಿಟ್ಟ. ಪಶ್ಚಿಮ ಕರಾವಳಿಗುಂಟ ಬಂದ ಆತ ಇಲ್ಲಿ ತಂಗಿದ. ಊರನ್ನು ಆತ ‘ಹಿನಾವರ್’ ಎಂದು ಕರೆದಿದ್ದಾನೆ. ದೊಡ್ಡ ಹಡಗುಗಳು ಒಳಬರುವ ಅಳಿವೆ, ಕಡಲಿನಿಂದ ಅರ್ಧ ಮೈಲಿ ದೂರದ ಪಟ್ಟಣ, ಮೂಗಿಗೆ ಚಿನ್ನದ ನತ್ತು ಧರಿಸಿದ ಹೆಂಗಸರು, ಇವೆಲ್ಲ ಆತನ ಕಣ್ಣಿಗೆ ಬಿದ್ದವು. ಜನ ಶಾಫಿ ಪಂಥದ ಮುಸ್ಲಿಮರು. ನೆರೆಯ ಭಟ್ಕಳದ ನವಾಯತರು ಇಂದಿಗೂ ಇದೇ ಪಂಥದವರು. ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದವೆಂದೂ ಬೇರೆಲ್ಲೂ ಇಂಥದನ್ನು ಕಂಡಿಲ್ಲವೆಂದೂ ಆತ ಬರೆಸಿದ್ದಾನೆ.

ಸುಲ್ತಾನನ ಊಟದ ವರ್ಣನೆ ಇನ್ನೂ ವಿವರವಾಗಿದೆ. ತಾಮ್ರದ ತಟ್ಟೆಯ ಮುಂದೆ ರೇಷ್ಮೆಯುಟ್ಟ ದಾಸಿಯೊಬ್ಬಳು ನಿಂತು ದೊಡ್ಡ ಸೌಟಿನಿಂದ ಅನ್ನ ಬಡಿಸುತ್ತಾಳೆ. ಅನ್ನದ ಮೇಲೆ ತುಪ್ಪ. ಪಕ್ಕದಲ್ಲಿ ಕಾಳುಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿ. ಎರಡನೆಯ ಸೌಟು ಅನ್ನಕ್ಕೆ ಕೋಳಿ, ಬಳಿಕ ಬಗೆಬಗೆಯ ಮೀನು, ಆಮೇಲೆ ತುಪ್ಪದಲ್ಲಿ ಬೇಯಿಸಿದ ತರಕಾರಿ. ಕೊನೆಗೆ ಮೊಸರು. ಮೊಸರು ಬಂತೆಂದರೆ ಊಟ ಮುಗಿಯಿತೆಂದೇ ಅರ್ಥ.

ಮೊದಲ ಅನ್ನಕ್ಕೆ ತುಪ್ಪ, ಕೊನೆಯ ಅನ್ನಕ್ಕೆ ಮೊಸರು ಎಂಬ ಕ್ರಮ ಕನ್ನಡಿಗರಿಗೆ ಹೊಸದಲ್ಲ. ಮಾವಿನ ಮಿಡಿಯ ಉಪ್ಪಿನಕಾಯಿಯೂ ಕುಮಟಾ, ಹೊನ್ನಾವರಗಳ ಮನೆಗಳಿಗೆ ಅಪರಿಚಿತವಲ್ಲ. ಆದರೆ ಈ ತಟ್ಟೆಯಲ್ಲಿ ಇಂದಿನ ಮೀನುಸಾರಿನ ಕೆಂಪು ಬಣ್ಣವಿಲ್ಲ. ಅಮೆರಿಕ ಖಂಡದ ಮೆಣಸಿನಕಾಯಿ ಪೋರ್ಚುಗೀಸರು ಬಂದ ಮೇಲಷ್ಟೇ ಭಾರತವನ್ನು ಮುಟ್ಟಿತು. ಅಲ್ಲಿಯವರೆಗೆ ಕಾಳುಮೆಣಸು, ಶುಂಠಿಗಳದ್ದೇ ಖಾರ.

ಊರಿನವರಿಗೆ ಬೇಸಾಯವಿಲ್ಲ, ಕಡಲ ವ್ಯಾಪಾರವೇ ಜೀವನ ಎಂದೂ ಬತೂತ ಹೇಳುತ್ತಾನೆ. ಹಾಗಿದ್ದರೆ ಸುಲ್ತಾನನ ತಟ್ಟೆಯ ಅಕ್ಕಿ ಹೊರಗಿನಿಂದಲೇ ಬರಬೇಕಿತ್ತು. ಆದರೂ ಇನ್ನೊಮ್ಮೆ ಬಂದು ಸುಲ್ತಾನನ ಬಳಿ ಹನ್ನೊಂದು ತಿಂಗಳಿದ್ದಾಗ ಆತನಿಗೆ ರೊಟ್ಟಿ ಸಿಗಲಿಲ್ಲ. ಮೂರು ಹೊತ್ತೂ ಅನ್ನವೇ. ಮಲಬಾರು, ಮಾಲ್ಡೀವ್ಸ್, ಸಿಂಹಳಗಳಲ್ಲೂ ಅದೇ ಪಾಡಾಗಿ, ಕಡೆಗೆ ನೀರು ಕುಡಿಯದೆ ಅನ್ನ ಗಂಟಲಲ್ಲಿ ಇಳಿಯದಂತಾಯಿತಂತೆ.

ಇದೆಲ್ಲವನ್ನೂ ಬತೂತ ಬರೆಸಿದ್ದು ತಾಯ್ನಾಡಿಗೆ ಮರಳಿದ ಮೇಲೆ, 1355ರ ಸುಮಾರಿಗೆ, ಬಹುಮಟ್ಟಿಗೆ ನೆನಪಿನಿಂದ. ಹಾಗಾಗಿ ಆತನ ಅಂಕಿಸಂಖ್ಯೆಗಳನ್ನು ಇತಿಹಾಸಕಾರರು ಎಚ್ಚರದಿಂದಲೇ ಬಳಸುತ್ತಾರೆ. ಹದಿಮೂರು ಶಾಲೆಗಳನ್ನು ಇಂದು ಎಣಿಸಿ ನೋಡಲಾಗದು. ಊಟದ ಕ್ರಮವನ್ನಾದರೆ ಯಾರೂ ತಾಳೆ ನೋಡಬಹುದು. ಹತ್ತಾರು ವರ್ಷಗಳ ಮೇಲೂ ತುಪ್ಪದಿಂದ ಮೊಸರಿನವರೆಗೆ ಕ್ರಮ ತಪ್ಪದೆ ಹೇಳಿದವನು, ಓದುತ್ತಿದ್ದ ಹೆಣ್ಣುಮಕ್ಕಳ ವಿಷಯದಲ್ಲಿ ಹೇಳಿದ್ದನ್ನೂ ಸುಲಭವಾಗಿ ತಳ್ಳಿಹಾಕುವಂತಿಲ್ಲ.