ಶಿಮುಶು (ಬೆಂಗಾವಲು ನೌಕೆ)

ಜಪಾನಿನ ಸಾಮ್ರಾಜ್ಯಶಾಹಿ ನೌಕಾಪಡೆಯ 'ಕೈಬೋಕನ್' (ಬೆಂಗಾವಲು ನೌಕೆ) ವರ್ಗದ ಹಡಗು. ನಾಲ್ಕು ಹಡಗುಗಳ ಶಿಮುಶು ಮಾದರಿಯಲ್ಲಿ ಮೊದಲನೆಯದು. ಕುರಿಲ್ ದ್ವೀಪಸಾಲಿನ ಉತ್ತರದ ದ್ವೀಪವೊಂದರ ಹೆಸರನ್ನು ಹೊತ್ತಿತ್ತು. ಜಪಾನಿನ ತಮಾನೊದಲ್ಲಿ ನಿರ್ಮಾಣಗೊಂಡು 1940ರ ಜೂನ್‌ನಲ್ಲಿ ಸೇವೆಗೆ ಸೇರಿತು. ಭಾರ ಸುಮಾರು 860 ಟನ್, 120 ಮಿ.ಮೀ.ನ ಮೂರು ಫಿರಂಗಿಗಳು, ಡೀಸೆಲ್ ಎಂಜಿನ್, 20 ನಾಟ್‌ಗೆ ತುಸು ಕಡಿಮೆ ವೇಗ.

ಇದನ್ನು ರೂಪಿಸಿದ್ದು ಉತ್ತರದ ಶೀತಸಾಗರದಲ್ಲಿ ಮೀನುಗಾರಿಕೆಯ ರಕ್ಷಣೆಗೆ. ಯುದ್ಧ ಇದನ್ನು ಎಳೆದೊಯ್ದದ್ದು ದಕ್ಷಿಣದ ಬಿಸಿ ಕಡಲಿಗೆ: 1941ರ ಡಿಸೆಂಬರ್‌ನ ಮಲಯ ಕಾರ್ಯಾಚರಣೆಯಲ್ಲಿ ಸೈನ್ಯ ಸಾಗಿಸುವ ಹಡಗುಗಳಿಗೆ ಬೆಂಗಾವಲಾಯಿತು. ಆರಂಭದಲ್ಲಿ ಜಲಾಂತರ್ಗಾಮಿಗಳ ವಿರುದ್ಧ ಇದರ ಶಸ್ತ್ರಬಲ ತೀರಾ ಅಲ್ಪ. ನೀರಿನಾಳದಲ್ಲಿ ಸಿಡಿಯುವ ಡೆಪ್ತ್ ಚಾರ್ಜ್‌ಗಳ ಸಂಖ್ಯೆಯನ್ನು ಆಮೇಲೆ ಬಹಳವಾಗಿ ಹೆಚ್ಚಿಸಲಾಯಿತು. ವ್ಯಾಪಾರಿ ಹಡಗುಗಳ ರಕ್ಷಣೆಯನ್ನು ಜಪಾನ್ ಎಷ್ಟು ತಡವಾಗಿ ಗಂಭೀರವಾಗಿ ಪರಿಗಣಿಸಿತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

1944ರ ನವೆಂಬರ್‌ನಲ್ಲಿ ಫಿಲಿಪ್ಪೀನ್ಸ್ ಬಳಿ ಅಮೆರಿಕದ ಜಲಾಂತರ್ಗಾಮಿಯೊಂದರ ಟಾರ್ಪೆಡೊ ಬಡಿದು ತೀವ್ರವಾಗಿ ಜಖಂಗೊಂಡರೂ ಮುಳುಗಲಿಲ್ಲ. ಸೋದರ ನೌಕೆ ಇಶಿಗಾಕಿಗೆ ಆ ಅದೃಷ್ಟವಿರಲಿಲ್ಲ. ಅದು ಅದೇ ವರ್ಷದ ಮೇ ತಿಂಗಳಲ್ಲಿ ಕುರಿಲ್ ಸಮೀಪ ಮುಳುಗಿತ್ತು.

ಜಪಾನಿನ ಶರಣಾಗತಿಯ ನಂತರ ಶಿಮುಶು, ಹೊರದೇಶಗಳಲ್ಲಿ ಉಳಿದಿದ್ದ ಜಪಾನೀಯರನ್ನು ತಾಯ್ನಾಡಿಗೆ ಕರೆತರುವ ಕೆಲಸದಲ್ಲಿ ತೊಡಗಿತು. 1947ರ ಜುಲೈನಲ್ಲಿ ಯುದ್ಧ ಪರಿಹಾರದ ಭಾಗವಾಗಿ ಸೋವಿಯತ್ ಒಕ್ಕೂಟದ ಪಾಲಾಯಿತು.