ಬಂಡೆಯ ಮೇಲೆ ಬರೆದರೆ ಸಾಲದು

ಕಳೆದ ವರ್ಷ ನನ್ನ ಮೊದಲ ಕಥಾಸಂಕಲನವನ್ನು ನಾನೇ ಪ್ರಕಟಿಸಿದೆ. 500 ಪ್ರತಿ. ಪುಸ್ತಕದ ಕಟ್ಟುಗಳನ್ನು ಮಸ್ಕಿಯ ನಮ್ಮ ಮನೆಯ ಪಡಸಾಲೆಯಲ್ಲಿ ಇಳಿಸಿದ ದಿನ ಅವ್ವ ಕೇಳಿದಳು: "ಇಷ್ಟೂ ಯಾರು ಓದ್ತಾರೋ ತಮ್ಮಾ?" ನಕ್ಕು ಸುಮ್ಮನಾದೆ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಒಂದು ವರ್ಷ ಕಳೆಯಿತು.

ನಮ್ಮೂರಿಗೆ ಹೆಸರು ಬಂದಿದ್ದೇ ಒಂದು ಬರಹದಿಂದ. ಇಲ್ಲಿನ ಬಂಡೆಯ ಮೇಲಿರುವ ಅಶೋಕನ ಶಾಸನ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ ಬಿತ್ತು. 'ದೇವಾನಾಂಪ್ರಿಯ'ನ ಜೊತೆಗೆ 'ಅಶೋಕ' ಎಂಬ ಹೆಸರೂ ಅದರಲ್ಲಿತ್ತು. ಬ್ರಾಹ್ಮಿ ಲಿಪಿ ಬಲ್ಲವರು ಇಲ್ಲವಾದ ಮೇಲೆ ಎಷ್ಟೋ ಶತಮಾನ ಆ ಅಕ್ಷರಗಳು ಓದುಗರಿಲ್ಲದೆ ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿದ್ದವು. ಆದರೆ ಅಶೋಕ ಬಂಡೆಯನ್ನಷ್ಟೇ ನಂಬಿ ಕೂತವನಲ್ಲ. ಕೊಪ್ಪಳ, ಬ್ರಹ್ಮಗಿರಿ, ಸಿದ್ದಾಪುರಗಳಲ್ಲೂ ಇಂಥ ಶಾಸನಗಳನ್ನು ಕೆತ್ತಿಸಿದ. ಕರ್ನೂಲು ಜಿಲ್ಲೆಯ ಎರ್ರಗುಡಿಯ ಪಾಠದಲ್ಲಂತೂ ಭೇರಿ ಬಾರಿಸಿ ಜನರಿಗೆ ತಿಳಿಸಬೇಕೆಂಬ ಆಜ್ಞೆಯೇ ಇದೆ. ಬರೆಸುವುದು ಒಂದು ಕೆಲಸ, ಮುಟ್ಟಿಸುವುದು ಇನ್ನೊಂದು ಎಂದು ಅವನಿಗೆ ಗೊತ್ತಿತ್ತು.

ನನಗೆ ಗೊತ್ತಿರಲಿಲ್ಲ. ಬಿಡುಗಡೆಯ ದಿನ ನೂರು ಪ್ರತಿ ಪುಕ್ಕಟೆ ಹಂಚಿದೆ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ದ ಸಾವಿರ ಓಲೆಪ್ರತಿಗಳನ್ನು ಮಾಡಿಸಿ ಹಂಚಿದಳಲ್ಲವೇ ಎಂದು ಸಮಾಧಾನ ಹೇಳಿಕೊಂಡೆ. ಆದರೆ ಆಕೆ ಹಂಚಿದ್ದು ಬೇರೊಬ್ಬ ಕವಿಯ ಕಾವ್ಯವನ್ನು, ಅದು ಉಳಿಯಲೆಂದು. ನಾನು ಹಂಚಿದ್ದು ನನ್ನ ಹೆಸರನ್ನು. ಮೂರು ತಿಂಗಳ ನಂತರ ವಿಚಾರಿಸಿದಾಗ ಆ ನೂರರಲ್ಲಿ ಓದಿದವರು ಹತ್ತು ಮಂದಿಯೂ ಸಿಗಲಿಲ್ಲ. ಅಂಗಡಿಯೊಂದಕ್ಕೆ ಉದ್ರಿ ಕೊಟ್ಟ ಐವತ್ತು ಪ್ರತಿಗಳ ಲೆಕ್ಕ ಇನ್ನೂ ಬಂದಿಲ್ಲ.

ಬೇಸರದ ಆ ದಿನಗಳಲ್ಲೇ ಗಳಗನಾಥರ ಬಗ್ಗೆ ಓದಿದೆ. ವೆಂಕಟೇಶ ತಿರಕೋ ಕುಲಕರ್ಣಿ (1869–1942) ಹಾವೇರಿ ಸೀಮೆಯ ಗಳಗನಾಥದವರು, ವೃತ್ತಿಯಿಂದ ಶಾಲಾ ಶಿಕ್ಷಕರು. ಅವರ ಸೀಮೆ ಮುಂಬಯಿ ಪ್ರಾಂತದಲ್ಲಿತ್ತು. ಓದು ಬರಹ ಬಲ್ಲ ಕನ್ನಡಿಗರಲ್ಲೂ ಎಷ್ಟೋ ಜನ ಮರಾಠಿಯನ್ನೇ ಓದುತ್ತಿದ್ದರು. ನಮ್ಮ ರಾಯಚೂರು ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಇಲ್ಲಿ ಉರ್ದುವಿನ ದರ್ಬಾರು. ಕನ್ನಡ ಕಾದಂಬರಿಗೆ ಓದುಗರೆಲ್ಲಿ? ಗಳಗನಾಥರು ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಆಧರಿಸಿಯೇ ಹಲವು ಕೃತಿ ಬರೆದರು. ಮರಾಠಿ ಓದುತ್ತಿದ್ದವನಿಗೆ ಅದೇ ರುಚಿ ಕನ್ನಡದಲ್ಲಿ ಸಿಕ್ಕಿತು. ಅಗಡಿಯ ಆನಂದವನದಿಂದ ಹೊರಟ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯ ಮೂಲಕ ಮನೆಮನೆ ಹೊಕ್ಕರು. ಅಷ್ಟಕ್ಕೇ ನಿಲ್ಲದೆ, ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು.

ನಾವು ಇದನ್ನು ತ್ಯಾಗದ ಕಥೆಯಾಗಿ ಹೇಳಿ ಕೈಮುಗಿಯುತ್ತೇವೆ. ನನಗೆ ಅದರಲ್ಲಿ ಕಸುಬಿನ ಪಾಠ ಕಂಡಿತು. ಮನೆಬಾಗಿಲಲ್ಲಿ ನಿಂತು ಪುಸ್ತಕ ಮಾರುವವನಿಗೆ ಓದುಗನ ಮುಖ ಕಾಣುತ್ತದೆ. ಯಾವ ಮಾತಿಗೆ ಕಣ್ಣು ಅರಳಿತು, ಯಾವ ಬೆಲೆಗೆ ಕೈ ಹಿಂದೆ ಸರಿಯಿತು ಎಂದು ತಿಳಿಯುತ್ತದೆ. ಆದರೆ ಅದಕ್ಕೆ ಬೆಲೆಯೂ ಇದೆ: ಕನ್ನಡ ಕಾದಂಬರಿಯ ಪಿತಾಮಹ ಎನಿಸಿಕೊಂಡವರ ಬದುಕು ಬಡತನದಲ್ಲೇ ಸವೆಯಿತು. ಇದನ್ನು ಮುಚ್ಚಿಟ್ಟು ಸ್ವಪ್ರಕಟಣೆಯನ್ನು ಹೊಗಳುವುದು ಮೋಸ.

ಮುಂದೆ ನಾನೂ ಚೀಲ ಹೆಗಲಿಗೇರಿಸಿದೆ. ಸಿಂಧನೂರು, ಲಿಂಗಸುಗೂರಿನ ಕಾಲೇಜುಗಳಿಗೆ ಹೋದೆ. ಒಂದು ಕಥೆ ಓದಿ ಹೇಳುವುದು, ಆಮೇಲೆ ಪುಸ್ತಕ ತೋರಿಸುವುದು. ಕಾಸು ಕೊಟ್ಟು ಕೊಂಡವರು ಓದಿದರು. ಓದಿದವರು ಜಗಳಕ್ಕೂ ಬಂದರು. ಸಿಂಧನೂರಿನ ವಿದ್ಯಾರ್ಥಿನಿಯೊಬ್ಬಳು ಅಂದಳು: "ಸರ್, ನಿಮ್ಮ ಕಥಿಯೊಳಗಿನ ಹೆಣ್ಮಕ್ಕಳು ಬರೇ ಅಳ್ತಾರ್ರೀ. ಭತ್ತದ ಗದ್ದಿಗೆ ಬಂದು ನೋಡ್ರಿ, ನಾವು ಎಷ್ಟು ನಗ್ತೀವಿ." ಹೊಗಳಿಕೆಯ ಯಾವ ಮುನ್ನುಡಿಯೂ ಕಲಿಸದ್ದನ್ನು ಆ ಮಾತು ಕಲಿಸಿತು.

ವರ್ಷದ ಕೊನೆಗೆ ಪಡಸಾಲೆಯಲ್ಲಿ 140 ಪ್ರತಿ ಉಳಿದಿವೆ. ಹಾಕಿದ ದುಡ್ಡು ಪೂರ್ತಿ ಬಂದಿಲ್ಲ. ಎರಡನೆಯ ಸಂಕಲನಕ್ಕೆ ಕಥೆ ಬರೆಯುತ್ತಿದ್ದೇನೆ. ಅದರಲ್ಲೊಬ್ಬಳು ನಾಟಿ ಮಾಡುತ್ತ ನಗುತ್ತಾಳೆ. ಈ ಸಲ 200 ಪ್ರತಿ ಸಾಕು. ಅವ್ವನಿಗೆ ಹೇಳಿದ್ದೇನೆ: ಎಲ್ಲರೂ ಅಲ್ಲ, ಆದರೆ ಯಾರು ಓದುತ್ತಾರೆಂದು ಈಗ ನನಗೆ ಗೊತ್ತು.